ಗುರೆಳ್ಳು ಚಟ್ನಿಯ ಡಬ್ಬಿ

ಮಗಳ ಊಟದ ಡಬ್ಬಿ ಸಾಯಂಕಾಲ ಖಾಲಿಯಾಗಿ ಮನೆಗೆ ಬಂದರೆ, ಅದನ್ನು ತುಂಬಿ ಕಳಿಸಿದ ತಂದೆಗೆ ಬೇರೆ ಯಾವ ಪ್ರಶಸ್ತಿಯೂ ಬೇಡ. ನಮ್ಮ ಮನೆಯಲ್ಲಿ ಪಾಕಶಾಸ್ತ್ರದ ಪ್ರಾತಃಕಾಲೀನ ವಿಭಾಗ ನನ್ನದು. ಹೆಂಡತಿ ಮುಂಬಯಿಯ ನಮ್ಮ ಮುಲುಂಡಿನಿಂದ ಮುಂಜಾನೆಯ ಲೋಕಲ್ ಹಿಡಿದು ಕೆಲಸಕ್ಕೆ ಹೋದ ಮೇಲೆ, ಮೂರನೆಯ ಇಯತ್ತೆಯ ಶಾಲ್ಮಲೆಗೆ ಚಪಾತಿ ಬೇಯಿಸಿ, ಧಾರವಾಡದ ಸಂಪ್ರದಾಯಕ್ಕೆ ಚ್ಯುತಿ ಬಾರದಂತೆ ಎಣ್ಣೆಯಲ್ಲಿ ಕಲಸಿದ ಗುರೆಳ್ಳು ಚಟ್ನಿ ಇಟ್ಟು ಕಟ್ಟುವುದು ನನ್ನ ನಿತ್ಯಕರ್ಮ. ಡಬ್ಬಿ ದಿನವೂ ಖಾಲಿ ಬರುತ್ತಿತ್ತು, ನಾನು ದಿನವೂ ಉಬ್ಬುತ್ತಿದ್ದೆ. ಹೊಟ್ಟೆ ತುಂಬ ಉಂಡ ಹುಡುಗಿ ಬೂಟು ಕಳಚುವ ಮೊದಲೇ ಅನ್ನದ ಪಾತ್ರೆಗೆ ಕೈಹಾಕುವುದೇಕೆಂದು ಯೋಚಿಸುವಷ್ಟು ಬುದ್ಧಿ ನನ್ನ ಹೆಮ್ಮೆಗೆ ಇರಲಿಲ್ಲ.

ಹೆಂಡತಿಗೆ ಇತ್ತು. ಅವಳು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ವಿಷಯ ಹೊರಬಿತ್ತು. ಕಪ್ಪು ಚಟ್ನಿ ಕಂಡೊಡನೆ ಬೆಂಚಿನ ಮೂವರು ಹುಡುಗಿಯರು ‘ಮಿಟ್ಟಿ ಖಾತೀ ಹೈ’, ಮಣ್ಣು ತಿನ್ನುತ್ತಾಳೆ, ಎಂದು ಮೂಗು ಹಿಡಿದು ಎದ್ದುಹೋಗುತ್ತಾರಂತೆ, ಉಳಿದವರು ನಗುತ್ತಾರಂತೆ, ಇವಳು ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದು ಹಸಿದೇ ಕೂರುತ್ತಾಳಂತೆ. ಇನ್ನು ಶಾಲೆಗೇ ಹೋಗುವುದಿಲ್ಲವೆಂದು ಅತ್ತಳು.

ಯಾವ ವೈರವೂ ಪೇಡೆಯ ಮುಂದೆ ನಿಲ್ಲಲಾರದು ಎಂಬುದು ಧಾರವಾಡದವರ ಜನ್ಮಜಾತ ನಂಬಿಕೆ. ಇಡೀ ತರಗತಿಗೆ ಪೇಡೆ ಕಳಿಸಿದೆ. ಆ ಮೂವರೂ ಕೇಳಿ ಕೇಳಿ ತಿಂದು, ಬಾಯಿ ಒರೆಸಿಕೊಂಡು, ಮರುದಿನ ಯಥಾಪ್ರಕಾರ ಮೂಗು ಹಿಡಿದರು.

ಕೊನೆಗೆ ಕ್ಲಾಸ್ ಟೀಚರನ್ನು ಕಂಡೆವು. ನನ್ನ ಪೇಡೆಯ ರಾಜತಂತ್ರ ಕೇಳಿ ಆಕೆ ನಕ್ಕರು. ಕಾಡಿದವರಿಗೆ ಸಿಹಿ ಸಿಕ್ಕರೆ ಕಾಡುವುದೇ ಲಾಭದ ಉದ್ಯೋಗವೆಂದು ಮಕ್ಕಳು ತಿಳಿಯುವುದಿಲ್ಲವೇ ಎಂದರು. ಆಮೇಲೆ ಮೂವರನ್ನೂ ಒಬ್ಬೊಬ್ಬರಾಗಿ ಕರೆದು, ಎಲ್ಲರೆದುರು ಮಾನ ಕಳೆಯದೆ, ಹಾಗೆಂದು ಸಡಿಲವನ್ನೂ ಕೊಡದೆ ಮಾತಾಡಿದರು, ಮನೆಯವರಿಗೂ ತಿಳಿಸಿದರು. ತಾವೂ ತರಗತಿಯಲ್ಲೇ ಊಟಕ್ಕೆ ಕೂರತೊಡಗಿದರು. ನಗುತ್ತಿದ್ದ ಉಳಿದವರಿಗೆ ಮಾತ್ರ ಒಂದು ಕೆಲಸ ಕೊಟ್ಟರು: ಜಗಳ ಬೇಡ, ಭಾಷಣ ಬೇಡ, ಒಂಟಿಯಾದವರ ಪಕ್ಕ ನಿಮ್ಮ ಡಬ್ಬಿ ಒಯ್ದು ಕೂತರೆ ಸಾಕು. ಮೊದಲು ಒಬ್ಬಳು ಗುಜರಾತಿ ರೊಟ್ಟಿ ಥೇಪ್ಲಾ ಹಿಡಿದು ಬಂದಳು, ಅವಳ ಹಿಂದೆ ಇನ್ನೊಬ್ಬಳು. ನೋಡಿ ನಗುವವರೇ ಇಲ್ಲವಾದ ಮೇಲೆ ಮೂಗು ಹಿಡಿಯುವ ಪ್ರಹಸನ ಎಷ್ಟು ದಿನ ನಡೆದೀತು? ಓದುಗ ಮಿತ್ರರೇ, ಕ್ರೌರ್ಯಕ್ಕೆ ಪ್ರೇಕ್ಷಕರು ಬೇಕು ಎಂಬುದನ್ನು ನಾನು ಈ ವಯಸ್ಸಿನಲ್ಲಿ, ಚಟ್ನಿಯ ದೆಸೆಯಿಂದ ಕಲಿತೆ.

ಮೊನ್ನೆ ಡಬ್ಬಿ ತುಂಬಿಯೇ ಮರಳಿತು. ಚಪಾತಿ, ಚಟ್ನಿ ಇಟ್ಟದ್ದು ಇಟ್ಟಂತೆ ಇತ್ತು. ಮತ್ತೆ ಶುರುವಾಯಿತೇ ಎಂದು ಡಬ್ಬಿ ಹಿಡಿದುಕೊಂಡೇ ಅವಳನ್ನು ಕೇಳಿದೆ.

“ಪಪ್ಪಾ, ತಿನ್ನಾಕ ಟೈಮೇ ಸಿಗಲಿಲ್ಲ,” ಎಂದಳು ಶಾಲ್ಮಲೆ, ಬೂಟಿನ ಲೇಸು ಬಿಚ್ಚುತ್ತ. “ಒಬ್ಬಾಕಿ ನ್ಯೂ ಹುಡುಗಿ ಬಂದಾಳ. ಹಿಂದಿ ಬರಂಗಿಲ್ಲಂತ ಯಾರೋ ನಕ್ರು, ಅಳಾಕತ್ತಿದ್ಲು. ನಾ ಆಕಿ ಬಾಜೂ ಹೋಗಿ ಕೂತೆ, ಬಸ್.”

ತಣ್ಣಗಾಗಿ ಬಿರುಸಾದ ಆ ಚಪಾತಿಗಳನ್ನು ಅಲ್ಲೇ ನಿಂತು ನಾನೇ ತಿಂದು ಮುಗಿಸಿದೆ. ಯಾವ ಖಾಲಿ ಡಬ್ಬಿಯೂ ನನ್ನನ್ನು ಅಷ್ಟು ಉಬ್ಬಿಸಿರಲಿಲ್ಲ.