ಬೆನ್ನ ಹಿಂದೆ ಸುಟ್ಟ ಹೂಕುಂಡ

ನಮ್ಮ ಬ್ಯಾಡಗಿಯ ಓಣಿಗೆ ಆಗ ಕ್ಯಾಮೆರಾ ಬರುತ್ತಿದ್ದುದು ಮದುವೆಗೆ ಮಾತ್ರ. ಪಟಾಕಿಯೂ ಹಾಗೇ, ವರ್ಷಕ್ಕೊಮ್ಮೆ, ಪಾಲು ಹಂಚಿಕೊಂಡು ಸುಡುವಷ್ಟು. ಆ ವರ್ಷ ನನ್ನ ಪಾಲಿಗೆ ಒಂದೇ ಹೂಕುಂಡ. ಅವ್ವನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿ, ಉರಿಯುವ ಕೈಗೆ ಎಣ್ಣೆ ಹಚ್ಚಿಕೊಂಡು ಮಲಗಿ ಗಳಿಸಿದ್ದು. ತೇವ ತಾಗಬಾರದೆಂದು ಜೋಳದ ಗಡಿಗೆಯಲ್ಲಿ ಹುಗಿದಿಟ್ಟಿದ್ದೆ.

ಅಕ್ಕನ ಮದುವೆಯಾದ ಮೇಲಿನ ಮೊದಲ ದೀಪಾವಳಿ ಅದು. ರಾಣೆಬೆನ್ನೂರಿನಿಂದ ಅವಳ ಗಂಡ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದ. ಹೊಸ ಅಳಿಯ ಕೇಳಿದ್ದಕ್ಕೆ ನಮ್ಮಲ್ಲಿ ಇಲ್ಲ ಅನ್ನಬಾರದು. ಹೋಳಿಗೆ ಕೇಳಿದ, ಕೊಟ್ಟರು. ತುಪ್ಪ ಕೇಳಿದ, ಕೊಟ್ಟರು. ಕತ್ತಲಾದ ಮೇಲೆ ನನ್ನ ಹೂಕುಂಡ ಕೇಳಿದ.

"ನಾ ಕೊಡಾಂಗಿಲ್ಲ," ಅಂದೆ.

"ಅಳಿಯಾರು ಬಾಯಿಬಿಟ್ಟು ಕೇಳ್ಯಾರ. ಕೊಡ್ತೀಯೋ ಇಲ್ಲೋ?" ಅವ್ವ ಜಡೆ ಹಿಡಿದು ಜಗ್ಗಿದಳು.

ಕ್ಯಾಮೆರಾ ಅಲುಗಬಾರದಂತೆ. ಅದಕ್ಕೆ ಮೆಣಸಿನಕಾಯಿ ಚೀಲದ ಮೇಲೆ ಇಟ್ಟ. ಹೂಕುಂಡ ಅಂಗಳದ ನಡುವೆ, ಅದರ ಮುಂದೆ ನಾನು, ಮುಖ ಅವನ ಕಡೆಗೆ.

"ಮಾಮಾ, ನಾ ಅದನ್ನ ನೋಡಬೇಕು."

"ಫೋಟೋದಾಗ ನೋಡುವಂತಿ. ಹೊಳ್ಳಿ ನೋಡಿದ್ರ ಕೆಡತೈತಿ. ಸುಮ್ನ ನಿಂದ್ರು."

ಅಕ್ಕ ಕಿಡಿ ಹಚ್ಚಿದಳು. ಬೆನ್ನಿಗೆ ಬಿಸಿ ತಾಗಿತು. ಎದುರಿನ ಗೋಡೆ ಬೆಳ್ಳಗಾಯಿತು. ಓಣಿಯ ಹುಡುಗರು "ಹೋ" ಅಂದರು. ನಾನು ಆ ಮನುಷ್ಯನ ಮೀಸೆ ನೋಡುತ್ತ ನಿಂತಿದ್ದೆ. ಅವನು ಕ್ಯಾಮೆರಾದ ಕಣ್ಣು ತೆರೆದಿಟ್ಟು ಚೀಲಕ್ಕೆ ಮೂಗು ಒತ್ತಿ ಬಗ್ಗಿದ್ದ. ಘಾಟು ಏರಿತು. ಸೀನಿದ, ಮೇಲಿಂದ ಮೇಲೆ ಸೀನಿದ. ಚೀಲ, ಕ್ಯಾಮೆರಾ ಎರಡೂ ಕುಣಿದವು. ಸಿಂಬಳ ಮೆಣಸಿನಕಾಯಿ ಮೇಲೆ ಬಿತ್ತು. ನಾನು ಹೊರಳುವಷ್ಟರಲ್ಲಿ ಉಳಿದದ್ದು ಹೊಗೆ, ಗಂಧಕದ ನಾತ.

ಅವ್ವ ಅಳಿಯನಿಗೆ ಬಿಸಿನೀರು ತಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಮುಂದೆ ಫೋಟೋ ಬಂತು. ಕರಿ ಕಂಬಳಿ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಗೀರು. ನನಗೆ ಮುಖವೇ ಇಲ್ಲ.

"ಇದರಾಗ ಹೂಕುಂಡ ಎಲ್ಲೈತಿ ಮಾಮಾ?"

"ನೀನ ಅಲ್ಲಾಡಿದಿ," ಅಂದ.

ಈಗ ಮೊಮ್ಮಕ್ಕಳು ಡಬ್ಬಿಗಟ್ಟಲೆ ಸುಡುತ್ತಾರೆ. ಆಗ ಒಂದು ಹೂಕುಂಡಕ್ಕೆ ಬಾಯಿ ತೆರೆದು ನಿಲ್ಲುವ ಹುಡುಗರಾದರೂ ಇದ್ದರು. ಈಗ ಇಡೀ ಓಣಿ ಬಾಣ-ಬಿರುಸಿಗೆ ಬೆನ್ನು ಕೊಟ್ಟು ಮೊಬೈಲಿಗೆ ಹಲ್ಲು ಕಿಸಿಯುತ್ತದೆ. ನೋಡಿದರೆ ಹೇಸಿಗೆ.

"ಆಯೀ, ಇತ್ಲಾಗ ನೋಡು," ಅಂತ ಮೊಮ್ಮಗ ಕೂಗುತ್ತಾನೆ. ನಾನು ಹೊರಳುವುದಿಲ್ಲ. ಹೋದ ದೀಪಾವಳಿಯ ಫೋಟೋದಲ್ಲಿ ಎಲ್ಲರ ಮುಖ ಇದೆ. ನನ್ನದು ಬರೀ ತುರುಬು.