ಎಡಗಾಲಿನ ಮೇಲಿದ್ದ ಅನುಮಾನ

ಸುಗಟೂರಿನ ನಮ್ಮ ನರ್ಸರಿಯಿಂದ ಟೊಮೆಟೊ, ಕ್ಯಾಪ್ಸಿಕಂ ಸಸಿಗಳನ್ನು ರೈತರ ಹೊಲಕ್ಕೆ ಮುಟ್ಟಿಸುವುದು ಒಂದು ಹಳೆಯ ವ್ಯಾನು. ಮೊದಲೆಲ್ಲ ಅದನ್ನು ಓಡಿಸುತ್ತಿದ್ದವರು ನಮ್ಮ ಯಜಮಾನರು. ನೀರಿನ ತೊಟ್ಟಿಯ ಪಾಚಿಯ ಮೇಲೆ ಜಾರಿ ಬಿದ್ದು ಎಡ ಮಂಡಿ ಮುರಿದ ಮೇಲೆ ಅವರಿಂದ ಕ್ಲಚ್ ಒತ್ತಲಾಗಲಿಲ್ಲ. ಸಸಿ ಕಾಯುವುದಿಲ್ಲ, ಹೆಚ್ಚು ಬಲಿತರೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ಅವರು ಪಕ್ಕದ ಸೀಟಿಗೆ ಬಂದರು.

ಬಹಳ ದಿನ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಸಸಿ ತುಂಬಿಕೊಂಡು ಮುಳಬಾಗಿಲಿನ ಕಡೆ ಹೋಗುವಾಗ, ಏರಿನಲ್ಲಿ ಇಂಜಿನ್ ಒಂದೇ ಸಮನೆ ಅರಚಿತು, ಗಾಡಿ ಮಾತ್ರ ತೆವಳಿತು. ಸುಟ್ಟ ವಾಸನೆ ಬಂತು. ಅವತ್ತು ಹೇಗೋ ತಲುಪಿದೆವು. ಆಮೇಲಿಂದ, ನಿಂತ ಗಾಡಿಯನ್ನು ಹೊರಡಿಸಿದರೆ ಸಾಕು, ಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಹಿಂದೆ ಟ್ರೇಗಳು ಒಂದಕ್ಕೊಂದು ತಗುಲಿ ಸಸಿಗಳ ಬುಡ ಅಲುಗುತ್ತಿತ್ತು.

"ಕಾಲು ಪೂರ್ತಿ ತೆಗಿ ಕಣೇ. ಅರ್ಧ ಒತ್ಕೊಂಡೇ ಓಡಿಸ್ತೀಯ, ಅದಕ್ಕೇ ಕ್ಲಚ್ ಪ್ಲೇಟ್ ಸುಡ್ತಾ ಇದೆ," ಎಂದರು ಯಜಮಾನರು.

ಬೈದದ್ದಲ್ಲ. ಆದರೆ ಪ್ರತಿ ಸಲವೂ ಹೇಳಿದರು. ಸಸಿ ಇಳಿಸಿಕೊಳ್ಳಲು ಬಂದ ರೈತರ ಮುಂದೆಯೂ ಒಮ್ಮೆ ಹೇಳಿದರು. ಬರಬರುತ್ತಾ ನನಗೂ ಅದು ನಿಜವೆನ್ನಿಸಿತು. ಪೆಡಲ್ ಎಲ್ಲಿ ಹಿಡಿಯುತ್ತದೆಂದು ಅಂಗಾಲಿಗೆ ತಿಳಿಯಲಿ ಎಂದು ಚಪ್ಪಲಿ ಬಿಟ್ಟು ಓಡಿಸಿದೆ. ಗೇರ್ ಬದಲಿಸಿದ ಕೂಡಲೇ, ಕಾದ ಕಾವಲಿ ತುಳಿದವಳ ಹಾಗೆ ಕಾಲೆತ್ತುತ್ತಿದ್ದೆ. ನಡುಕ ಹೆಚ್ಚಿತೇ ಹೊರತು ತಗ್ಗಲಿಲ್ಲ. ಬೇರೆ ಡ್ರೈವರನ್ನು ಇಟ್ಟುಕೊಳ್ಳೋಣ ಎಂದು ಕೊನೆಗೆ ನಾನೇ ಹೇಳಿದೆ. ಮೊದಲು ಪ್ಲೇಟ್ ಬದಲಾಯಿಸೋಣ ಎಂದರು ಅವರು.

ವ್ಯಾನನ್ನು ಕೋಲಾರದ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ನಮಗೆ ಹೊಸಬರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದರು. ಅವರು ಗೇರ್‌ಬಾಕ್ಸ್ ಇಳಿಸಲು ಶುರು ಮಾಡಿದಾಗ ನಾನು ಎದುರಿನ ಬೇಕರಿಗೆ ಹೋಗಿ ಕೂತೆ. ನನ್ನ ಕಾಲಿನಿಂದ ಹಾಳಾದದ್ದನ್ನು ಎಲ್ಲರೆದುರು ನೋಡಲು ಮನಸ್ಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರು ಕೋಲೂರಿಕೊಂಡು ರಸ್ತೆ ದಾಟಿ ಬಂದು, ಒಳಗೆ ಬಾ ಎಂದು ಕರೆದರು.

ಮೆಕ್ಯಾನಿಕ್ ಕ್ಲಚ್ ಪ್ಲೇಟನ್ನು ನನ್ನ ಮುಂದೆ ಹಿಡಿದರು. ಅದು ಕಪ್ಪಗೆ, ಒದ್ದೆಯಾಗಿ ಮಿನುಗುತ್ತಿತ್ತು.

"ನೋಡಕ್ಕಾ, ಪೂರ್ತಿ ಎಣ್ಣೆ. ಇಂಜಿನ್ ಹಿಂದಿನ ಸೀಲ್ ಸೋರ್ತಾ ಇದೆ. ಎಣ್ಣೆ ಕುಡಿದ ಪ್ಲೇಟು ಹೆಂಗೆ ಹಿಡೀತದೆ? ಯಾರು ಓಡಿಸಿದ್ರೂ ಜಾರೋದೇ."

ಆಮೇಲೆ ಫ್ಲೈವೀಲ್ ತೋರಿಸಿದರು. ಪ್ಲೇಟು ಒತ್ತಿ ಹಿಡಿಯುವ ಆ ದಪ್ಪ ಕಬ್ಬಿಣದ ಚಕ್ರದ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು, ಬೆರಳಿಗೆ ಸಿಗುವಷ್ಟು ಸವೆದ ಗೀರು. ಇದು ಇವತ್ತು ನಿನ್ನೆಯದಲ್ಲ, ಹಿಂದೆ ಪ್ಲೇಟ್ ಹಾಕಿಸಿದಾಗ ಇದನ್ನು ಹಾಗೇ ಬಿಟ್ಟಿದ್ದರಾ ಎಂದು ಕೇಳಿದರು. ಹೌದು, ಪ್ಲೇಟ್ ಒಂದು ಹಾಕಿದರೆ ಸಾಕು ಎಂದು ತಾವೇ ಹೇಳಿದ್ದಾಗಿ ಯಜಮಾನರು ಒಪ್ಪಿಕೊಂಡರು. ಆಮೇಲೆ ಆ ಚಕ್ರವನ್ನೇ ನೋಡುತ್ತಾ ನನಗೆ ಹೇಳಿದರು:

"ನಿನ್ ಕಾಲ್ದೇನೂ ಇಲ್ಲ ಕಣೇ. ಸುಮ್ನೆ ಅಂದ್ಬಿಟ್ಟೆ."

ಹಿಡಿದುಕೊಂಡಿದ್ದ ಹೆಗಲೆರಡೂ ತಾವಾಗಿ ಇಳಿದವು, ಹೊಟ್ಟೆ ಹಸಿಯಿತು. ಮತ್ತೆ ಬೇಕರಿಗೆ ಹೋಗಿ ಬೆಣ್ಣೆ ಬನ್ನು ತಿಂದೆ, ಅವರಿಗೂ ಒಂದು ಕಟ್ಟಿಸಿಕೊಂಡು ಬಂದೆ.

ಮಾರನೆಯ ದಿನ ಹೊಸ ಫ್ಲೈವೀಲ್, ಹೊಸ ಕ್ಲಚ್ಚು, ಹೊಸ ಸೀಲ್ ಹಾಕಿ ಕೀ ಕೊಟ್ಟರು. ಪೆಡಲ್ ಎಷ್ಟು ಹಗುರವಾಗಿತ್ತೆಂದರೆ, ಗ್ಯಾರೇಜಿನ ಬಾಗಿಲಲ್ಲೇ ಗಾಡಿ ಎರಡು ಸಲ ಆಫ್ ಆಯಿತು. ಮೆಕ್ಯಾನಿಕ್ ನಕ್ಕರು. ಇದು ಮಾತ್ರ ನನ್ನ ಕಾಲಿನದೇ ತಪ್ಪು ಎಂದು ನಾನೂ ನಕ್ಕೆ. ಯಜಮಾನರು ಮಾತ್ರ ಬಾಯಿ ಬಿಗಿ ಹಿಡಿದು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಮೂರನೆಯ ಸಲ ವ್ಯಾನು ಸ್ವಲ್ಪವೂ ನಡುಗದೆ ಹೊರಟಿತು. ಊರು ಬರುವ ಹೊತ್ತಿಗೆ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.