ದೊಡ್ಡವ್ವನ ಸೋಬಾನಕ್ಕೆ ಎಕೋ ಹಾಕಿದ್ದು

ನಮ್ಮ ಅಥಣಿ ಸೀಮೆಯ ಮಂದಿಗೆ ಎಕೋ ಇಲ್ಲದ ದನಿ ದನಿಯೇ ಅಲ್ಲ. ಭಜನಾ ಮಂಡಳಿಯವರು ಬರಲಿ, ಇಲೆಕ್ಷನ್ ಪ್ರಚಾರದವರು ಬರಲಿ, ಗೊಬ್ಬರದಂಗಡಿಯ ಜಾಹೀರಾತಿನವರು ಬರಲಿ, ಮೈಕಿನ ಮುಂದೆ ಕೂರುವ ಮೊದಲೇ ಒಂದೇ ರಾಗ: "ಎಕೋ ಜಾಸ್ತಿ ಇಡ್ರಿ ಮತ್ತ." ಹಾಡು ಹಾಳಾಗಿ ಹೋಗಲಿ, ಎಕೋ ಇರಬೇಕು. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಅದು ಮದುವೆಯ ಸಿ.ಡಿ.ಗಳ ಕಾಲ. ದ್ರಾಕ್ಷಿಯ ಖಾಲಿ ಬಾಕ್ಸುಗಳನ್ನು ಇಡುತ್ತಿದ್ದ ನಮ್ಮ ಮಾಳಿಗೆಯ ಕೋಣೆಯನ್ನು ತೆರವು ಮಾಡಿ, ಮಿರಜಿನಲ್ಲಿ ಜೋಡಿಸಿಕೊಂಡು ತಂದ ಕಂಪ್ಯೂಟರ್ ಇಟ್ಟು, ಅದನ್ನೇ ಸ್ಟುಡಿಯೋ ಎಂದು ಕರೆದುಕೊಂಡಿದ್ದೆ. ದನಿ ಗುಂಯ್‌ಗುಡಬಾರದೆಂದು ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿದ್ದೆ. ದೊಡ್ಡವ್ವ, ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಲಿಂಗಾ ಕಟ್ಟಿದ ಮನ್ಯಾಗ ತತ್ತಿ ತಂದೀಯೇನಲೇ?"

"ತತ್ತಿ ಅಲ್ಲ ದೊಡ್ಡವ್ವಾ, ಬರೇ ಟ್ರೇ."

"ತತ್ತಿ ಕುಂತಿದ್ದ ಜಾಗಾ ಹೌದಲ್ಲೋ?"

ಎಲ್ಲ ಕಿತ್ತು ಬಿಸಾಕಿ, ಗೋಡೆಗೆ ಹಳೆಯ ಕೌದಿ ನೇತುಹಾಕಿದೆ.

ಕಂಪ್ಯೂಟರಿನಲ್ಲಿ ಎಕೋ ಹುಟ್ಟಿಸುವ ಪುಟ್ಟ ಸಾಫ್ಟ್‌ವೇರಿಗೆ ಡಿಲೇ ಪ್ಲಗಿನ್ ಎನ್ನುತ್ತಾರೆ. ನೀವು ಅಂದದ್ದನ್ನು ಹಿಡಿದಿಟ್ಟುಕೊಂಡು, ಒಂದಿಷ್ಟು ಹೊತ್ತು ತಡೆದು, ನಿಮಗೇ ತಿರುಗಿ ಹೇಳುತ್ತದೆ. ಎಷ್ಟು ತಡೆಯಬೇಕು, ಎಷ್ಟು ಸಲ ಹೇಳಬೇಕು, ಎಷ್ಟು ಜೋರಾಗಿ, ಎಲ್ಲಕ್ಕೂ ಒಂದೊಂದು ಗುಂಡಿ. ಆ ಗುಂಡಿಗಳೆಲ್ಲ ನನಗೆ ಕರತಲಾಮಲಕ ಎಂದು ಮೆರೆಯುತ್ತಿದ್ದೆ.

ಈಗ ಅವ್ವನ ವಿಷಯ ಹೇಳಬೇಕು. ಅವ್ವ ಮತ್ತು ದೊಡ್ಡವ್ವ ನೆಗೆಣ್ಣಿಯರು, ಒಂದೇ ಒಲೆಯ ಮುಂದೆ ತಲೆ ನರೆತವರು. ನಮ್ಮಲ್ಲಿ ಸೋಬಾನ ಒಬ್ಬಳೇ ಹಾಡುವ ಹಾಡಲ್ಲ. ಒಬ್ಬಳು ನುಡಿ ಎತ್ತಬೇಕು, ಇನ್ನೊಬ್ಬಳು ಅದೇ ನುಡಿಯನ್ನು ಹಿಡಿದು ತಿರುಗಿ ಅನ್ನಬೇಕು. ಎತ್ತುವವಳು ಯಾವಾಗಲೂ ದೊಡ್ಡವ್ವ, ಹಿಡಿಯುವವಳು ಅವ್ವ. ಚಿಕ್ಕೋಡಿ, ರಾಯಬಾಗ, ಎಲ್ಲೇ ನೆಂಟರ ಮದುವೆಯಾಗಲಿ, ಈ ಜೋಡಿ ಬಂದ ಮೇಲೆಯೇ ಅರಿಷಿಣದ ಬಟ್ಟಲಿಗೆ ಕೈ ಹಾಕುತ್ತಿದ್ದರು.

ಕಾಗವಾಡದ ಒಂದು ಮದುವೆಯಲ್ಲಿ ವಿಡಿಯೋದವನು ದೊಡ್ಡವ್ವನ ಸೆರಗಿಗೆ ಮಾತ್ರ ಮೈಕು ಸಿಕ್ಕಿಸಿದ. ಆಮೇಲೆ ಸಿ.ಡಿ. ಬಂತು, ಮನೆಯವರೆಲ್ಲ ಟೀವಿ ಮುಂದೆ ಕೂತೆವು. ದೊಡ್ಡವ್ವನ ದನಿ ಖಣಖಣ. ಅವ್ವನ ಬಾಯಿ ಅಲ್ಲಾಡುತ್ತಿದೆ, ದನಿ ಮಾತ್ರ ಎಲ್ಲೋ ಬಾವಿಯೊಳಗಿನಿಂದ ಬಂದಂತೆ.

"ನನ್ನ ದನೀನ ಬಂದಿಲ್ಲಲ್ರಿ," ಎಂದಳು ಅವ್ವ.

ದೊಡ್ಡವ್ವ ಚೂಡಾ ಮೆಲ್ಲುತ್ತಲೇ, "ಹೋಗ್ಲಿ ಬಿಡ. ನಿಂದೇನ, ಅಂದದ್ದನ್ನ ಅನ್ನೂದು," ಎಂದುಬಿಟ್ಟಳು.

ಅವ್ವ ಎದ್ದು ಒಳಗೆ ಹೋದಳು. ಮರುದಿನ ರೊಟ್ಟಿ ಬಡಿಯುತ್ತ ಒಂದೇ ಮಾತು: "ಇನ್ನ ಮ್ಯಾಲ ನೀವೊಬ್ರ ಹಾಡ್ರಿ ಅಕ್ಕಾ." ಜಗಳ ಇಲ್ಲ, ಕೂಗಾಟ ಇಲ್ಲ. ಜಗಳವಾಡಿದ್ದರೆ ಎಷ್ಟೋ ಪಾಡಿತ್ತು. ಇಬ್ಬರೂ ಕೂಡಿ ಅಡುಗೆ ಮಾಡುತ್ತಿದ್ದರು, ಕೂಡಿ ಮನೂಕ, ಅಂದರೆ ಒಣದ್ರಾಕ್ಷಿ, ಆರಿಸುತ್ತಿದ್ದರು, ಹಾಡು ಮಾತ್ರ ಬಂದ್. ಅಷ್ಟರಲ್ಲಿ ನನ್ನ ತಂಗಿಗೆ ನಿಪ್ಪಾಣಿಯ ಗಂಡು ಗೊತ್ತಾಯಿತು.

"ಅವ್ವ ಹಾಡ್ಲಿಲ್ಲಂದ್ರ ನಾ ಅರಿಷಿಣಕ್ಕ ಕೂಡಂಗಿಲ್ಲ," ಎಂದು ತಂಗಿ ಹಟ ಹಿಡಿದಳು. ಅವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆಗ ದೊಡ್ಡವ್ವ ನನ್ನ ಕೋಣೆಗೆ ಹತ್ತಿ ಬಂದಳು.

"ಲೇ ತಮ್ಮಾ, ನಿನ್ನ ಕಂಪ್ಯೂಟರದಾಗ ಎಕೋ ಐತೆಲ್ಲಾ. ನಾ ಎತ್ತತೀನಿ, ಅದು ಹಿಂದ ಅನ್ನಲಿ. ಸಿ.ಡಿ. ಹಚ್ಚಿದ್ರಾತು."

ನನಗೂ ಅದು ಸರಿ ಎನಿಸಿತು ನೋಡಿ! ಇಷ್ಟು ದಿನ ಎಕೋ ಎಕೋ ಎಂದು ತಲೆ ತಿಂದವರ ನಡುವೆ, ಕೊನೆಗೂ ಎಕೋಗೊಂದು ನಿಜವಾದ ಕೆಲಸ ಸಿಕ್ಕಿತಲ್ಲ ಎಂದು ಖುಷಿಯಾಯಿತು.

ಹೆಡ್‌ಫೋನ್ ಹಾಕಿಕೊಂಡು ದೊಡ್ಡವ್ವ ಮೊದಲ ನುಡಿ ಎತ್ತಿದಳು. ಅರ್ಧಕ್ಕೇ ಹೌಹಾರಿ ಹೆಡ್‌ಫೋನ್ ಕಿತ್ತಳು. "ಯಾರಲೇ ಅದು, ನನ್ನ ಅಣಗಸಾಕತ್ತಾರ?"

"ನಿಮ್ಮ ದನೀನ ಅದು ದೊಡ್ಡವ್ವಾ!"

"ಮುಗಿಸೂದರಾಗ ಯಾಕ ಬಾಯಿ ಹಾಕತೈತಿ? ಕಾಯಾಕ ಹೇಳ ಅದಕ್ಕ."

ಕಾಯುವುದು ಎಲ್ಲಿಂದ ಬಂತು? ಗುಂಡಿಯನ್ನು ಕೊನೆಯ ತನಕ ತಿರುಗಿಸಿದರೂ ಆ ಪ್ಲಗಿನ್ನು ದೊಡ್ಡವ್ವನ ಒಂದು ನುಡಿಯಷ್ಟು ಹೊತ್ತು ತಡೆಯುತ್ತಿರಲಿಲ್ಲ. ಒಂದರ ಬಾಲಕ್ಕೆ ಇನ್ನೊಂದು ಪ್ಲಗಿನ್ ಕಟ್ಟಿದೆ. ಕಂಪ್ಯೂಟರ್ ಕಣ್ಣು ಮುಚ್ಚಿತು. ಮತ್ತೆ ಚಾಲೂ ಮಾಡಿ, ಮತ್ತೆ ಕಟ್ಟಿ, ಅಂತೂ ಹೊಂದಿಸಿದೆ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬಂದಾಗ ಮೊದಲ ನುಡಿಯ ಉದ್ದಕ್ಕೆ ಮತ್ತೆ ಹೊಂದಿಸಿದೆ. ದೊಡ್ಡವ್ವ ಎರಡನೇ ನುಡಿಯನ್ನು ಮೊದಲಿನದಕ್ಕಿಂತ ಲಗುಬಗೆಯಿಂದ ಹಾಡಿ ಮುಗಿಸಿ ಸುಮ್ಮನೆ ಕೂತಳು. ಎಕೋ ಇನ್ನೂ ಬಂದಿಲ್ಲ. ಬಂತಲ್ಲ ಎನ್ನುವಷ್ಟರಲ್ಲಿ ಅವಳು ಮೂರನೆಯದನ್ನು ಎತ್ತಿಬಿಟ್ಟಿದ್ದಾಳೆ. "ಒಂದ ಚಾಲಿನ್ಯಾಗ ಹಾಡ್ರಿ ದೊಡ್ಡವ್ವಾ!" ಎಂದು ಚೀರಿದೆ. "ನಾ ಹಂಗ ಹಾಡಾಕತ್ತೀನಿ, ನಿನ್ನ ಡಬ್ಬಿ ಕೆಟ್ಟೈತಿ," ಎಂದು ಅವಳೂ ಚೀರಿದಳು. ಮೆಟ್ಟಿಲ ಕೆಳಗೆ ಮನೂಕದ ಕಡ್ಡಿ ಆರಿಸುತ್ತಿದ್ದ ಅವ್ವ ಯಾರಿಗೂ ಅಲ್ಲವೆಂಬಂತೆ, "ಕುಣೀಲಾರದಾಕಿ ಅಂಗಳಾ ಡೊಂಕ ಅಂದ್ಲಂತ," ಎಂದದ್ದು ಇಬ್ಬರಿಗೂ ಕೇಳಿಸಿತು.

ರೋಸಿಹೋಗಿ ಎಕೋ ತೆಗೆದುಹಾಕಿದೆ. ಬರೀ ಹಾಡಿ, ಹಿಂದಿನದನ್ನು ಆಮೇಲೆ ಅಂಟಿಸುತ್ತೇನೆ ಎಂದೆ. ಇನ್ನೂ ಕೆಟ್ಟಿತು. ನಡುವೆ ಉಸಿರಾಡಲು ಬಿಡುವಿಲ್ಲದೆ ದೊಡ್ಡವ್ವನ ದನಿ ನುಡಿಯಿಂದ ನುಡಿಗೆ ಇಳಿಯುತ್ತ ಹೋಯಿತು. ಮೂರು ತಲೆಮಾರಿನ ಮದುವೆಗಳಲ್ಲಿ ಹಾಡಿದವಳು ನಾಲ್ಕನೇ ನುಡಿ ಮರೆತು, "ಗಂಟಲಾ ಕಟ್ಟೈತಿ," ಎಂದು ನೀರು ಕೇಳಿದಳು. ಸಿಟ್ಟಿಗೆ ಆ ಕಾಗವಾಡದ ಸಿ.ಡಿ. ಹಾಕಿ ಕಿವಿಗೊಟ್ಟು ಕೇಳಿದೆ. ದೊಡ್ಡವ್ವನ ಕೊನೆಯ ಅಕ್ಷರ ಬೀಳುವ ಮೊದಲೇ, ಆ ಬಾವಿಯೊಳಗಿನ ದನಿ ಅದನ್ನು ಎತ್ತಿಕೊಳ್ಳುತ್ತಿತ್ತು. ದೊಡ್ಡವ್ವನ ದನಿ ಇಳಿದ ಕಡೆ ಅದು ತಾನು ಇಳಿಯದೆ, ಅವಳನ್ನೇ ಮತ್ತೆ ಮೇಲಕ್ಕೆ ತರುತ್ತಿತ್ತು. ಇದಕ್ಕೆ ಯಾವ ಗುಂಡಿ ತಿರುಗಿಸಲಿ?

ಕೆಳಗಿಳಿದು ಅವ್ವನ ಮುಂದೆ ಕೂತೆ. "ಯವ್ವಾ, ಕೈ ಮುಗೀತೀನಿ, ಒಂದ ಹಾಡ ಹಾಡಿ ಹೋಗ."

ಅವ್ವ ತಲೆ ಎತ್ತಲಿಲ್ಲ. "ನಿನ್ನ ಮಷೀನ ಐತೆಲ್ಲಾ, ಅದಕ್ಕ ಹೇಳ. ಅಂದದ್ದನ್ನ ಅನ್ನೂದೇನ ದೊಡ್ಡ ಕೆಲಸ?"

ದೊಡ್ಡವ್ವನ ನುಡಿಗಳನ್ನು ತುಂಡು ತುಂಡು ಮಾಡಿ, ಒಂದೊಂದರ ಹಿಂದೆ ಅದನ್ನೇ ಕೈಯಾರೆ ಜೋಡಿಸಿ, ಹೇಗೋ ಒಂದು ಸಿ.ಡಿ. ಮಾಡಿದೆ. ಕೇಳಲು ಹಾಡಿನಂತೆಯೇ ಇತ್ತು ಎನ್ನಿ. ಅರಿಷಿಣದ ದಿನ ಅಂಗಳದಲ್ಲಿ ಪೆಂಡಾಲು, ಮಣೆಯ ಮೇಲೆ ಮುಖ ಗಂಟು ಹಾಕಿಕೊಂಡ ತಂಗಿ. ಅಪ್ಪ ಗದರಿಸಿ ಕೂರಿಸಿದ್ದ. ಮುತ್ತೈದೆಯರು ಬಟ್ಟಲು ಹಿಡಿದು ಹಾಡಿಗೆ ಕಾಯುತ್ತಿದ್ದರು. ಸಿ.ಡಿ.ಯನ್ನು ಸ್ಪೀಕರಿನವನ ಕೈಗೆ ಕೊಟ್ಟೆ. ಆ ಪುಣ್ಯಾತ್ಮ ಕೇಳಲಿಲ್ಲ, ಹೇಳಲಿಲ್ಲ, ತನ್ನ ಮಶಿನ್ನಿನಿಂದಲೂ ಒಂದು ಎಕೋ ಸೇರಿಸಿಬಿಟ್ಟ!

ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಒಬ್ಬ ದೊಡ್ಡವ್ವನ ಹಿಂದೆ ಹತ್ತು ದೊಡ್ಡವ್ವಂದಿರು ಬೆನ್ನು ಹತ್ತಿದರು. ಚಿಕ್ಕ ಮಕ್ಕಳು ಹೋ ಎಂದು ಅದನ್ನೇ ಅಣಕಿಸತೊಡಗಿದವು. ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನೆಲ ಬಾಯಿ ಬಿಡಬಾರದೇ ಎನಿಸಿತು ನನಗೆ.

"ಬಂದ್ ಮಾಡಲೇ ಅದನ್ನ!" ದೊಡ್ಡವ್ವ ಗುಡುಗಿದಳು.

ಸ್ಪೀಕರು ಬಂದಾಯಿತು. ದೊಡ್ಡವ್ವ ಮುಂದೆ ಬಂದು ತಾನೇ ನುಡಿ ಎತ್ತಿದಳು. ನುಡಿ ಮುಗಿಯಿತು. ಎಲ್ಲರ ಕಣ್ಣೂ ಆರತಿ ತಟ್ಟೆ ಹಿಡಿದಿದ್ದ ಅವ್ವನ ಮೇಲೆ. ಅವ್ವ ತಟ್ಟೆಯ ಬತ್ತಿ ಸರಿಮಾಡಿದಳು. ದೊಡ್ಡವ್ವ ಅದೇ ನುಡಿಯನ್ನು ಮತ್ತೆ ಎತ್ತಿದಳು. ಅವ್ವ ತಟ್ಟೆಯ ದೀಪಕ್ಕೆ ಎಣ್ಣೆ ಹಾಕಿದಳು. ತಂಗಿಯ ಕಣ್ಣಲ್ಲಿ ನೀರು ತುಂಬಿತು. ನನಗೆ ಇಬ್ಬರ ಮೇಲೂ ಎಂಥ ಸಿಟ್ಟು ಬಂತೆಂದರೆ, ಪೆಂಡಾಲಿನ ಗಳು ಹಿಡಿದು ಅಲ್ಲಾಡಿಸಿಬಿಡಬೇಕು ಎನಿಸಿತು.

ಮೂರನೇ ಸಲ ದೊಡ್ಡವ್ವ ಎತ್ತಲಿಲ್ಲ. ಅವ್ವನ ಕಡೆ ತಿರುಗಿ, ಅಷ್ಟೂ ಮಂದಿಯೆದುರು, "ನೀ ಎತ್ತ. ನಾ ಹಿಡೀತೀನಿ," ಎಂದಳು.

ಅವ್ವ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡು ಎತ್ತಿದಳು. ಹುಟ್ಟಿದಾಗಿನಿಂದ ಕೇಳಿದ ದನಿ, ಆದರೆ ಅದು ಮುಂದೆ ಹೋಗುವುದನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡವ್ವ ಹಿಡಿದಳು. ತಡವಾಗಿ ಹಿಡಿದಳು. ಅವ್ವನ ನುಡಿ ಪೂರ್ತಿ ಮುಗಿದು, ಅಂಗಳವೆಲ್ಲ ತಣ್ಣಗಾದ ಮೇಲೆ, ಪದ ಹುಡುಕಿಕೊಂಡು ಬಂದಳು. ಎರಡನೇ ನುಡಿಗೂ ಹಾಗೆಯೇ.

ಅವ್ವ ಹಾಡು ನಿಲ್ಲಿಸಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಲಗೂ ಹಿಡೀಬೇಕ್ರಿ ಅಕ್ಕಾ. ನಾ ನಿಮ್ಮನ್ನ ಒಂದಿನಾನೂ ಕಾಯಿಸಿಲ್ಲ."

ದೊಡ್ಡವ್ವ ತಲೆ ಬಗ್ಗಿಸಿದಳು. "ಹೂಂ," ಎಂದಳು, "ಎತ್ತ."